ಡೆನ್ಮಾರ್ಕಿನಲ್ಲೊಂದು ಅಮಾವಾಸ್ಯೆ

ನರಸೀಪುರ, ಹೊರಡುವ ಮೊದಲು

ನಾನು ಹುಟ್ಟಾ ಪುಕ್ಕಲಿ. ಸಂಗಮದಲ್ಲಿ ತೆಪ್ಪ ಹತ್ತಿ ಆಚೆ ದಡಕ್ಕೆ ಹೋಗಬೇಕೆಂದರೂ ಗುಂಜಾ ನರಸಿಂಹಸ್ವಾಮಿಗೆ ಹರಕೆ ಹೊತ್ತುಕೊಳ್ಳುವವಳು. ರಸ್ತೆ ದಾಟುವಾಗ ಗಂಡನ ಅಂಗಿ ಹಿಡಿದುಕೊಳ್ಳುವವಳು. ಅಂಥವಳನ್ನು ಡೆನ್ಮಾರ್ಕಿಗೆ ಕಳಿಸಬೇಕು ಅನ್ನುವ ಬುದ್ಧಿ ಯಾರಿಗೆ ಬಂತೋ, ಅವರ ಹೊಟ್ಟೆ ತಣ್ಣಗಿರಲಿ.

ಕಾರಣ ಇಷ್ಟೆ. ನಾನು ಪುರಸಭೆ ಸದಸ್ಯೆ. ವಯಸ್ಸಾದವರಿಗಾಗಿ ಸಣ್ಣ ಸಣ್ಣ ಮನೆಗಳ ಒಂದು ಸಾಲು ಕಟ್ಟಬೇಕು, ಅವರನ್ನು ನೋಡಿಕೊಳ್ಳಲು ಆಳುಕಾಳಿನ ವ್ಯವಸ್ಥೆಯೂ ಇರಬೇಕು ಎಂದು ಸಭೆಯಲ್ಲಿ ಮೊದಲು ಬಾಯಿ ತೆಗೆದವಳು ನಾನೇ. ಊರಾಚೆ, ಬೈಪಾಸಿನ ಪಕ್ಕ ಜಾಗವನ್ನೂ ನೋಡಿಯಾಗಿತ್ತು. ಇಂಥ ಕೆಲಸವನ್ನು ಊರಾಡಳಿತವೇ ಹೊತ್ತು ಮಾಡುವ ದೇಶ ಡೆನ್ಮಾರ್ಕು, ಹೋಗಿ ನೋಡಿಕೊಂಡು ಬನ್ನಿ ಎಂದು ಒಂದು ಸಂಸ್ಥೆಯವರು ನಮ್ಮ ಜಿಲ್ಲೆಯ ಕೆಲವರನ್ನು ಆರಿಸಿದರು. ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಸುದ್ದಿ ಊರಿಗೆಲ್ಲ ಹಬ್ಬಿತು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಪುಟ್ಟಮಣಿ ಎಲ್ಲರೆದುರು ಕೇಳಿದಳು: "ಏನಕ್ಕಾ, ಮುದುಕ್ರುನ್ನ ಊರಿಂದಾಚ್ಗೆ ಆಕೋದ್ನ ಕಲಿಯಕ್ಕೆ ಫಾರಿನ್ಗೆ ಓಯ್ತಾ ಇದ್ದೀಯಂತೆ?" ನಗಾಡಿಕೊಂಡೇ ಅಂದಳು. ನಾನು ಮಾತ್ರ ಸೊಪ್ಪು ಕೊಳ್ಳದೆ ಮನೆಗೆ ಬಂದೆ. ನಾನು ಕಟ್ಟಿಸುವ ಮನೆಗಳಿಗೆ ಊರ ಜನ ತಮ್ಮ ಹೆತ್ತವರನ್ನು ತಂದು ಸುರಿದು ಕೈ ತೊಳೆದುಕೊಂಡರೆ? ಆ ಪಾಪ ಯಾರ ತಲೆಗೆ?

ಇನ್ನೊಂದು ಭಯ ಮನೆಯೊಳಗೇ ಇತ್ತು. ನನ್ನ ಅತ್ತೆ.

ಅತ್ತೆಗೆ ಇಬ್ಬರು ಗಂಡುಮಕ್ಕಳು. ಹಿರಿಯವರು, ಅಂದರೆ ನನ್ನ ಭಾವ, ನಂಜನಗೂಡಿನಲ್ಲಿದ್ದಾರೆ. ಕಾರ್ಖಾನೆ ಕೆಲಸದಿಂದ ನಿವೃತ್ತರಾದವರು. ಕಿರಿಯವರು ನಮ್ಮನೆಯವರು, ಹೈಸ್ಕೂಲು ಮೇಷ್ಟ್ರು. ಹೆಮ್ಮಿಗೆ ಹಳ್ಳಿಯ ಹತ್ತಿರದ ಜಮೀನು ಪಾಲಾದಾಗ ಒಂದು ಹುಣಸೆ ಮರದ ನೆಪದಲ್ಲಿ ಅಣ್ಣತಮ್ಮಂದಿರ ಮಾತು ನಿಂತುಹೋಯಿತು. ಜಮೀನಿನ ಜೊತೆಗೆ ಅವ್ವನೂ ಪಾಲಾದರು. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ, ಅಮಾವಾಸ್ಯೆಗೆ ಸರದಿ ಬದಲು. ನಮ್ಮ ಸೀಮೆಯಲ್ಲಿ ಇದೇನು ಹೊಸದಲ್ಲ. ಮಕ್ಕಳು ಬೇರೆಯಾದ ಎಷ್ಟೋ ಮನೆಗಳಲ್ಲಿ ಅವ್ವಂದಿರು ಹೀಗೇ ಚೀಲ ಹಿಡಿದು ಓಡಾಡುತ್ತಾರೆ. ಬೀದಿಗೆ ಬಿಟ್ಟಿಲ್ಲವಲ್ಲ, ಸರಿಸಮ ನೋಡಿಕೊಳ್ಳುತ್ತಿದ್ದೇವಲ್ಲ ಎಂದು ನಮಗೆಲ್ಲ ಒಳಗೊಳಗೇ ಒಂದು ಹೆಮ್ಮೆ.

ನಾನಿಲ್ಲದ ದಿನಗಳಲ್ಲೇ ಭೀಮನ ಅಮಾವಾಸ್ಯೆ ಬಿದ್ದಿತ್ತು. ಗಂಡನ ಪಾದಪೂಜೆ ತಪ್ಪುತ್ತದೆ ಎಂಬ ಅಳುಕು ಒಂದು ಕಡೆ. ಅತ್ತೆಯನ್ನು ನಂಜನಗೂಡಿನ ಬಸ್ಸು ಹತ್ತಿಸುತ್ತಿದ್ದವಳು ಯಾವಾಗಲೂ ನಾನೇ, ಈ ಸಲ ಏನು ಗತಿ ಎಂಬ ಚಿಂತೆ ಇನ್ನೊಂದು ಕಡೆ.

"ರೀ, ಅಮಾವಾಸ್ಯೆ ಬೆಳಿಗ್ಗೆ ಅತ್ತೇನ ಮರೀದೆ ಬಸ್ ಹತ್ತಿಸಿ. ಕಂಡಕ್ಟರ್‌ಗೆ ಹೇಳಿ. ಸೀಟು ಹಿಡ್ಕೊಡಿ."

"ಲೇ, ನಮ್ಮವ್ವನ್ನ ನಂಗೇ ವಪ್ಪಿಸ್ತಾ ಇದ್ದೀಯಲ್ಲ. ಮೊದ್ಲು ನೀನು ನೆಟ್ಟಗೆ ಓಗ್ಬಾ" ಎಂದರು ನಮ್ಮನೆಯವರು.

ಅತ್ತೆ ಎಲೆಗೆ ಸುಣ್ಣ ಸವರುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಉಸಾರು ಕಣವ್ವ. ಮ್ಯಾಲ್ ಓದ್ಮೇಲೆ ಕಿಟ್ಕಿ ಗಿಟ್ಕಿ ತಗ್ದೀಯ" ಎಂದರು. ಅವರ ಮಾತು ಕೇಳಿ ನಕ್ಕೆ. ವಿಮಾನದಲ್ಲಿ ಕಿಟಕಿ ಪಕ್ಕ ಕೂತಾಗ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಕೋಪನ್‌ಹೇಗನ್: ಬೀದಿಯಲ್ಲಿ ಮಗು

ಅಲ್ಲಿ ಇಳಿದ ಮೊದಲ ದಿನವೇ ನಾನು ಮಕ್ಕಳ ಕಳ್ಳಿಯಾಗಿಬಿಡುತ್ತಿದ್ದೆ.

ಕಾಫಿ ಅಂಗಡಿಯೊಂದರ ಮುಂದೆ ಕೂಸಿನ ಗಾಡಿ ನಿಂತಿತ್ತು. ಇಣುಕಿದರೆ ಒಳಗೆ ಎಳೇ ಮಗು ಮಲಗಿದೆ. ಸುತ್ತ ಯಾರೂ ಇಲ್ಲ. ಗಾಳಿ ಸುಯ್ ಎನ್ನುತ್ತಿದೆ. ಅಯ್ಯೋ ಶಿವನೇ, ಯಾರೋ ಮಗು ಬಿಟ್ಟು ಹೋಗಿದ್ದಾರೆ ಎಂದುಕೊಂಡೆ. ಗಾಡಿ ಉರುಳೀತು ಎಂದು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತೆ. ಒಳಗಿಂದ ಒಬ್ಬ ಹುಡುಗಿ ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದು ನನ್ನನ್ನು ದುರುಗುಟ್ಟಿ ನೋಡಿದಳು. ತಾಯಿ! ಕಿಟಕಿಯಿಂದ ನೋಡುತ್ತಲೇ ಇದ್ದಳಂತೆ.

ನಮ್ಮ ಜೊತೆ ಮೈಸೂರಿನ ಶೈಲಜಾ ಮೇಡಂ ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುವವರು, ಅಲ್ಲಿಯವರ ಇಂಗ್ಲಿಷನ್ನು ನನಗೆ ಕನ್ನಡ ಮಾಡುತ್ತಿದ್ದವರೂ ಅವರೇ. ಅವರು ನಡುವೆ ಬಂದು ಸಮಾಧಾನ ಮಾಡಿದರು. ಇಲ್ಲಿ ಮಕ್ಕಳನ್ನು ಗಾಳಿಗೆ ಮಲಗಿಸುವುದು ವಾಡಿಕೆ, ಯಾರೂ ಎತ್ತಿಕೊಂಡು ಹೋಗುವುದಿಲ್ಲ ಎಂದರು. ನಮ್ಮಲ್ಲಿ ಬಾಣಂತಿ ಕೋಣೆಗೆ ಗಾಳಿ ನುಗ್ಗದ ಹಾಗೆ ಚಿಂದಿ ತುರುಕುತ್ತೇವೆ! ಇನ್ನು ಬೀದಿಯಲ್ಲಿ ಕೂಸು ಬಿಡುವ ಮಾತೆಲ್ಲಿ ಬಂತು.

ಇನ್ನೊಂದು ವಿಚಿತ್ರ, ಅಲ್ಲಿ ಹೊತ್ತು ಮುಳುಗುವುದೇ ಇಲ್ಲ. ಊಟ ಮುಗಿಸಿ ಹಾಸಿಗೆಗೆ ಬಂದರೂ ಕಿಟಕಿಯಲ್ಲಿ ಬಿಸಿಲು. ದೀಪ ಹಚ್ಚುವ ಹೊತ್ತು ಯಾವುದು, ಮಲಗುವ ಹೊತ್ತು ಯಾವುದು ತಿಳಿಯದೆ ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಇಷ್ಟು ಬೆಳಕಿದ್ದೂ ಬೀದಿಯಲ್ಲಿ ಜನರಿಲ್ಲ. ಜಗಲಿಯಿಲ್ಲ, ಕಟ್ಟೆಯಿಲ್ಲ, "ಎಲ್ಲಿಗ್ ಓಯ್ತಾ ಇದ್ದೀರಿ" ಅಂತ ಕೇಳುವವರಿಲ್ಲ. ಇಲ್ಲಿ ನಾನು ಬಿದ್ದರೆ ಎತ್ತುವವರು ಯಾರು ಎಂದುಕೊಂಡೇ ನಿದ್ದೆ ಹೋದೆ.

ಸಣ್ಣ ಊರು: ಇಂಗರ್ ಅಜ್ಜಿಯ ಬಚ್ಚಲು

ಮರುದಿನ ರೈಲು ಹತ್ತಿ ಸಮುದ್ರದ ಪಕ್ಕದ ಒಂದು ಸಣ್ಣ ಊರಿಗೆ ಹೋದೆವು. ಊರಿನ ಹೆಸರು ನನ್ನ ನಾಲಿಗೆಯಲ್ಲಿ ಕೊನೆಯವರೆಗೂ ಹೊರಳಲಿಲ್ಲ. ಅಲ್ಲಿಯ ನಗರಸಭೆಯಲ್ಲಿ ವಯಸ್ಸಾದವರ ಮನೆಗಳ ಯೋಜನೆ ನೋಡಿಕೊಳ್ಳುವಾಕೆ ಕಿರ್ಸ್ಟನ್. ನನ್ನದೇ ವಯಸ್ಸು, ಗಂಡಸಿನ ಹಾಗೆ ಕೂದಲು ಕತ್ತರಿಸಿಕೊಂಡಿದ್ದಳು, ಸೈಕಲ್ಲಿನಲ್ಲಿ ಬಂದಿಳಿದಳು.

ಅವಳು ತೋರಿಸಿದ ಮನೆಗಳು ಊರ ನಡುವೆಯೇ ಇದ್ದವು. ಪಕ್ಕದಲ್ಲಿ ಶಾಲೆ, ಎದುರಿಗೆ ಬ್ರೆಡ್ಡಿನ ಅಂಗಡಿ. ಪ್ರತಿಯೊಬ್ಬರಿಗೂ ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲಿಗೆ ಅವರದೇ ಹೆಸರು. ಬೆಳಿಗ್ಗೆ, ಸಂಜೆ ನಗರಸಭೆಯ ಆಳುಗಳು ಬಂದು ಸ್ನಾನ, ಮಾತ್ರೆ, ಊಟ ನೋಡಿಕೊಳ್ಳುತ್ತಾರೆ. ಎಲ್ಲ ಚೊಕ್ಕಟ. ಆದರೂ ಆ ಓಣಿಯಲ್ಲಿ ಶೈಲಜಾ ಮೇಡಂಗೆ ಅಂಟಿಕೊಂಡೇ ನಡೆದೆ. ಒಗ್ಗರಣೆಯ ವಾಸನೆಯಿಲ್ಲ, ಕೆಮ್ಮಿನ ಸದ್ದಿಲ್ಲ, ಬೈಗುಳವಿಲ್ಲ. ಮುದುಕರಿರುವ ಜಾಗದಲ್ಲಿ ಗೊಣಗಾಟವೇ ಇಲ್ಲ ಅಂದರೆ ಭಯವಾಗದೆ ಇನ್ನೇನು?

ಇಂಗರ್ ಅಜ್ಜಿ ನಮ್ಮನ್ನು ಒಳಗೆ ಕರೆದರು. ಎಂಬತ್ತು ದಾಟಿದವರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ನಡುಹಗಲಲ್ಲೇ ಮೇಣದ ಬತ್ತಿ ಹಚ್ಚಿಟ್ಟರು. ಕರೆಂಟು ಹೋಗಿದೆಯೇನೋ ಅಂದುಕೊಂಡೆ. ಬಂದವರಿಗೆ ಮರ್ಯಾದೆಯಂತೆ ಅದು. ನಾನು ಬಚ್ಚಲಿಗೆ ಹೋದೆ. ಗೋಡೆಗೆ ಕೆಂಪು ದಾರವೊಂದು ಇಳಿಬಿದ್ದಿತ್ತು. ನೀರು ಬಿಡುವುದಕ್ಕಿರಬೇಕೆಂದು ಎಳೆದೆ. ನೀರು ಬರಲಿಲ್ಲ. ಜೋರಾಗಿ ಎಳೆದೆ. ಹೊರಗೆ ದಡದಡ ಓಡಿಬಂದ ಸದ್ದು, ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಬಾಗಿಲು ತೆಗೆದರೆ ಎತ್ತರದ ಒಬ್ಬ ನರ್ಸು, ಹಿಂದೆ ಇನ್ನೊಬ್ಬ ಆಳು, ಅವರ ಹಿಂದೆ ಶೈಲಜಾ ಮೇಡಂ. ಬಿದ್ದವರು ಎಳೆಯುವ ದಾರವಂತೆ ಅದು. ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡೆ. ಇಂಗರ್ ಅಜ್ಜಿ ಬಿದ್ದೂ ಬಿದ್ದೂ ನಕ್ಕರು.

ನಕ್ಕು ಸುಸ್ತಾದ ಮೇಲೆ ಕೇಳಿದರು, ನಿಮ್ಮ ಮನೆಯಲ್ಲಿ ಹಿರಿಯರಿದ್ದಾರಾ? ನಾನು ಎದೆಯುಬ್ಬಿಸಿ ನಮ್ಮ ಸರದಿಯ ಕಥೆ ಹೇಳಿದೆ. ಮಕ್ಕಳು ಬಿಟ್ಟುಕೊಡುವುದಿಲ್ಲ, ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಎಂದೆ. ಅಜ್ಜಿ ಹುಬ್ಬೇರಿಸಿದರು. "ತಿಂಗಳಿಗೊಂದು ಹಾಸಿಗೆಯೇ? ನಾನಾಗಿದ್ದರೆ ಎದ್ದಾಗ ಬಾಗಿಲು ಯಾವ ಕಡೆ ಅಂತ ತಿಳಿಯದೆ ಗೋಡೆಗೆ ಹಾಯ್ದು ಬೀಳುತ್ತಿದ್ದೆ" ಎಂದರು. ಹೋಗಲಿ, ಒಂಟಿ ಮುದುಕಿ, ಅವರಿಗೇನು ಗೊತ್ತು ಕೂಡು ಸಂಸಾರ ಎಂದುಕೊಂಡು ಅವರಿಟ್ಟ ಬನ್ನು ತಿಂದೆ.

ಅಮಾವಾಸ್ಯೆ ದಿನ, ನಗರಸಭೆ ಕಚೇರಿ

ಅಮಾವಾಸ್ಯೆ ಬಂತು. ಸ್ನಾನ ಮಾಡಿ, ಫೋನಿನಲ್ಲಿದ್ದ ನಮ್ಮನೆಯವರ ಫೋಟೋಗೆ ಅರಿಶಿನ ಕುಂಕುಮ ಸೋಕಿಸಿ ಕೈಮುಗಿದೆ. ಫೋನಿನ ಗಾಜೆಲ್ಲ ಹಳದಿಯಾಯಿತು.

ಮಧ್ಯಾಹ್ನ ಕಿರ್ಸ್ಟನ್ ತನ್ನ ಕಚೇರಿಯಲ್ಲಿ ಕೂರಿಸಿಕೊಂಡು ಮಾತಾಡಿದಳು. ಮನೆ ಕಟ್ಟುವುದು ಸುಲಭ, ಕಷ್ಟ ಇರುವುದು ನಡುವಿನಲ್ಲಿ ಎಂದಳು. ಯಾವ ನಡುವೆ? ಮುದುಕರು ಆಸ್ಪತ್ರೆಯಿಂದ ಮನೆಗೆ ಬರುವಾಗ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ. "ಕಳಿಸಿದವರು ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕರೆದುಕೊಳ್ಳುವವರು ನಾಳೆ ಬರುತ್ತಾರೆ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಅವರು ಎಲ್ಲೋ ಬಿದ್ದಿರುತ್ತಾರೆ. ಅದಕ್ಕೇ ಇಲ್ಲಿ ಕಳಿಸುವವರು ಆಚೆಯವರ ದನಿ ಕೇಳದೆ ಕೈ ಬಿಡುವ ಹಾಗಿಲ್ಲ. ಬಂದು ಮುಟ್ಟಿದರು ಅಂತ ಅವರ ಬಾಯಲ್ಲೇ ಕೇಳಬೇಕು."

ಶೈಲಜಾ ಮೇಡಂ ಇದನ್ನು ಕನ್ನಡ ಮಾಡಿ ಮುಗಿಸಿದ ಮೇಲೆ ಕಿರ್ಸ್ಟನ್ ನನ್ನ ಕಡೆ ತಿರುಗಿದಳು. ಇಂಗರ್ ಅಜ್ಜಿ ಅವಳಿಗೆ ನಮ್ಮ ಸರದಿಯ ಕಥೆ ಹೇಳಿದ್ದರಂತೆ. "ನಿಮ್ಮ ಅತ್ತೆ ಮನೆ ಬದಲಿಸುವ ದಿನ, ಮುಟ್ಟಿದರು ಅಂತ ನಿಮಗೆ ಹೇಳುವವರು ಯಾರು?"

ಯಾರೂ ಹೇಳುತ್ತಿರಲಿಲ್ಲ. ಅಣ್ಣತಮ್ಮಂದಿರಿಗೆ ಮಾತಿಲ್ಲ. ಓರಗಿತ್ತಿ ಜಯಮ್ಮಕ್ಕನೂ ನಾನೂ ಹಬ್ಬ ಹುಣ್ಣಿಮೆಗೆ ಕದ್ದುಮುಚ್ಚಿ ಫೋನು ಮಾಡಿಕೊಳ್ಳುತ್ತೇವೆ ನಿಜ. ಅತ್ತೆಯ ಮಾತು ಎತ್ತಿದರೆ ಎಲ್ಲಿ ಲೆಕ್ಕಾಚಾರಕ್ಕೆ ಬರುತ್ತದೋ ಎಂದು ಇಬ್ಬರೂ ಆ ಸುದ್ದಿಗೇ ಹೋಗುವುದಿಲ್ಲ. ಅತ್ತೆಗೊಂದು ಮೊಬೈಲು ಕೊಡಿಸಿದ್ದೆವು. ಅದು ನಮ್ಮ ಪಡಸಾಲೆಯ ಮೊಳೆಯಲ್ಲಿ ನೇತಾಡುತ್ತಿದೆ.

ಆಚೆ ಬಂದು ಮೊದಲು ನಮ್ಮನೆಯವರಿಗೆ ಫೋನು ಮಾಡಿದೆ. ಊರಲ್ಲಿ ಆಗ ಸಂಜೆಯಾಗುತ್ತಿತ್ತು, ಸ್ಕೂಲು ಬಿಟ್ಟಿತ್ತು. "ಬೆಳಿಗ್ಗೇನೇ ಬಸ್ ಹತ್ತಿಸ್ದೆ ಕಣೆ. ಕಿಟಕಿ ಪಕ್ಕ ಸೀಟು. ಯಾಕೆ?" ಎಂದರು.

ಜಯಮ್ಮಕ್ಕನಿಗೆ ಮಾಡಿದೆ. "ಅಕ್ಕ, ಅತ್ತೆ ಬಂದ್ರಾ?"

"ಅಯ್ಯೋ, ನಾಳೆ ಅಲ್ವೇನೆ? ಪಾಡ್ಯದ್ ದಿನ ತಾನೆ ಬರೋದು? ಅಮಾಸೆ ನಿಮ್ದಲ್ವಾ?"

"ಇಲ್ಲ ಅಕ್ಕ. ನಾವು ಅಮಾಸೆ ಬೆಳಿಗ್ಗೇನೇ ಕಳಿಸ್ಬಿಡ್ತೀವಿ."

"ನಾವೂವೆ ಅಮಾಸೆ ಒತ್ತಾರೇನೆ ಕಳಿಸ್ತೀವಿ" ಎಂದರು ಜಯಮ್ಮಕ್ಕ. "ನಮ್ಮನೇಗ್ ಬರೋದು ಪಾಡ್ಯದ್ ಒತ್ತಾರೆ."

"ನಮ್ಮನೇಗೂ" ಎಂದೆ ನಾನು.

ಸರದಿ ಶುರುವಾದ ಲಾಗಾಯ್ತಿನಿಂದ ಪ್ರತಿ ತಿಂಗಳೂ ಒಂದು ಹಗಲು ಒಂದು ರಾತ್ರಿ ಅತ್ತೆ ನಮ್ಮಿಬ್ಬರ ಮನೆಯಲ್ಲೂ ಇರಲಿಲ್ಲ. ನಮ್ಮಲ್ಲಿಲ್ಲದಿದ್ದರೆ ಅಲ್ಲಿರುತ್ತಾರೆ ಎಂದು ನಾವು, ಅಲ್ಲಿಲ್ಲದಿದ್ದರೆ ಇಲ್ಲಿರುತ್ತಾರೆ ಎಂದು ಅವರು.

"ಅಕ್ಕ, ಮತ್ತೆ ಈಗ ಎಲ್ಲಿದ್ದಾರೆ?"

"ನಂಗೇನ್ ಗೊತ್ತವ್ವಾ" ಎನ್ನುತ್ತಾ ಜಯಮ್ಮಕ್ಕ ಅಳಲಿಕ್ಕೆ ಶುರು ಮಾಡಿದರು. "ಅಮಾಸೆ ಸ್ನಾನಕ್ಕೆ ಅಂತ ಒಳೆಗೇನಾರ ಓದ್ರೋ ಏನೋ. ಒಳೇಲಿ ಬೇರೆ ನೀರ್ ಬಂದ್ಬುಟ್ಟದೆ ಕಣೆ. ಕಬಿನಿ ಡ್ಯಾಮಿಂದ ಬುಟ್ಟವ್ರೆ. ಅದಿನಾರ್ ಕಾಲ್ ಮಂಟಪ ಆಗ್ಲೇ ಮುಳುಗೋಯ್ತದೆ ಅಂತಾವ್ರೆ."

ಅದೇ ದಿನ, ಸಮುದ್ರದ ಪಕ್ಕದ ಬೆಂಚು

ಆ ಮಧ್ಯಾಹ್ನ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಕಚೇರಿ ಎದುರಿನ ಬೆಂಚಿನ ಮೇಲೆ ಕೂತೆ. ಎದುರಿಗೆ ಸಮುದ್ರ ತಣ್ಣಗೆ ಮಲಗಿತ್ತು, ಬಿಸಿಲು ಬಿದ್ದು ಹೊಳೆಯುತ್ತಿತ್ತು. ನನಗೆ ಕಾಣುತ್ತಿದ್ದದ್ದು ಕೆಂಪು ನೀರು. ನಂಜನಗೂಡಿನಲ್ಲಿ ಕಪಿಲೆ ತುಂಬಿದಾಗ ಸ್ನಾನಘಟ್ಟದ ಮೆಟ್ಟಿಲು ಒಂದೊಂದೇ ಕಾಣೆಯಾಗುವುದನ್ನು ನಾನು ಕಂಡಿದ್ದೇನೆ. ಅತ್ತೆಗೆ ಕಣ್ಣು ಮಂಜು. ಮಂಡಿ ನೋವು. ಎಲೆಅಡಿಕೆ ಉಗಿಯಲು ಬಗ್ಗಿದರೂ ಗೋಡೆ ಹಿಡಿಯಬೇಕು. ಕೆಟ್ಟ ಯೋಚನೆಗಳು ಒಂದರ ಹಿಂದೊಂದು ಬಂದವು. ಅವನ್ನೆಲ್ಲ ಇಲ್ಲಿ ಬರೆಯಲಾರೆ.

ನಮ್ಮನೆಯವರು ಬೈಕಿನಲ್ಲಿ ನಂಜನಗೂಡಿಗೆ ಹೊರಟಿದ್ದರು. ಶೈಲಜಾ ಮೇಡಂ ನನ್ನ ಕೈ ಹಿಡಿದುಕೊಂಡಿದ್ದರು. ಕಿರ್ಸ್ಟನ್ ಒಂದು ಶಾಲು ತಂದು ಹೊದಿಸಿ, ಇನ್ನೊಂದು ಪಕ್ಕದಲ್ಲಿ ಕೂತಳು. ಅವಳಿಗೆ ಆ ದಿನ ಬೇರೆ ಕೆಲಸವಿತ್ತು. ಹೋಗಲಿಲ್ಲ.

ಫೋನು ಬಂತು. "ಅಣ್ಣನ ಮನೆ ಹತ್ರ ಇದ್ದೀನಿ" ಎಂದರು ನಮ್ಮನೆಯವರು. ಮಾತು ನಿಂತ ಮೇಲೆ ಆ ಹೊಸಿಲು ತುಳಿದವರಲ್ಲ. "ಅಣ್ಣನೂ ಬತ್ತಾ ಅವ್ನೆ. ಹೊಳೆ ಕಡೆ ಓಗ್ತೀವಿ."

"ಹೊಳೆ ಕಡೆ ಯಾಕ್ರೀ?" ಎಂದು ಕಿರುಚಿದೆ. ಫೋನು ಕಟ್ಟಾಯಿತು.

ಮತ್ತೆ ಮಾಡಿದರೆ ಎತ್ತಲಿಲ್ಲ. ಭಾವನ ನಂಬರು ನನ್ನ ಹತ್ತಿರ ಇರಲೇ ಇಲ್ಲ. ಮುಂದೆ ದಾರಿಯಲ್ಲಿ ಮುದುಕರ ಜೋಡಿಯೊಂದು ನಾಯಿ ಹಿಡಿದುಕೊಂಡು ನಿಧಾನವಾಗಿ ಹೋಯಿತು. ನಾನು ಇಂಥವರನ್ನು ನೋಡಿ ಕಲಿಯಲು ಬಂದವಳು. ಇಷ್ಟು ವರ್ಷ ಊರ ಮುದುಕರ ಬಗ್ಗೆ ಭಾಷಣ ಬಿಗಿದೆನಲ್ಲ, ನಮ್ಮ ಮುದುಕಿ ಅಮಾವಾಸ್ಯೆ ರಾತ್ರಿ ಎಲ್ಲಿ ತಲೆ ಇಡುತ್ತಾಳೆ ಅಂತ ತಿಳಿಯದವಳು! ಬೆಂಚಿನ ಅಂಚು ಹಿಡಿದು, ಅತ್ತೆಯೊಬ್ಬರು ಸಿಕ್ಕಿಬಿಡಲಿ ನಂಜುಂಡಪ್ಪ ಎಂದು ಬೇಡಿಕೊಂಡೆ.

ಎಷ್ಟೋ ಹೊತ್ತಿನ ಮೇಲೆ ಫೋನು ಬಂತು. ಗಾಳಿ, ಜನರ ಗದ್ದಲ, ನೀರಿನ ಭೋರು.

"ಸಿಕ್ಕವ್ಳೆ ಕಣೆ" ಎಂದರು ನಮ್ಮನೆಯವರು. ದನಿ ಒಡೆದುಹೋಗಿತ್ತು.

ಮೆಟ್ಟಿಲ ಹತ್ತಿರ ಹಗ್ಗ ಕಟ್ಟಿ ಜನರನ್ನು ತಡೆದಿದ್ದರಂತೆ. ಅಣ್ಣತಮ್ಮ ಇಬ್ಬರೂ ಅವ್ವನ ಗುರುತು ಹೇಳಿ ಅವರಿವರನ್ನು ಕೇಳುತ್ತಿದ್ದಾಗ ಹೂವು ಮಾರುವ ಹೆಂಗಸೊಬ್ಬಳು ಅಂದಳಂತೆ: "ಅಮಾಸೆ ಅಜ್ಜೀರಾ? ಮಂಟಪ್ದತ್ರ ನೀರ್ ಬಂತಲ್ಲ, ಇವತ್ತು ಛತ್ರದ್ ಜಗಲಿ ಮ್ಯಾಲವ್ರೆ. ಓಗಿ ನೋಡಿ."

"ಅಜ್ಜೀರು ಅಂದ್ರೆ?" ಎಂದು ಕೇಳಿದೆ.

"ನಮ್ಮವ್ವ ಒಬ್ಬಳೇ ಅಲ್ಲ ಕಣೆ" ಎಂದರು ನಮ್ಮನೆಯವರು. "ಒಂದು ಸಾಲೇ ಕೂತದೆ. ಒಬ್ರು ಬದನವಾಳು ಕಡೆಯೋರು, ಇನ್ನೊಬ್ರು ಸೋಮನಾಥಪುರದತ್ರ. ಎಲ್ರೂ ಸರದಿಯೋರೇ. ಇವ್ರಿಗೆಲ್ಲಾ ಅಮಾಸೆ ಯಾರ ಲೆಕ್ಕಕ್ಕೂ ಇಲ್ಲ. ಪ್ರತಿ ತಿಂಗಳೂ ಇಲ್ಲಿ ಸೇರ್ತಾರಂತೆ. ದೇವಸ್ಥಾನದಲ್ಲಿ ಊಟ ಮಾಡಿ, ಇಲ್ಲಿ ಮಲಗಿ, ಬೆಳಿಗ್ಗೆ ಹೊಳೆ ಸ್ನಾನ ಮಾಡಿ ಅವರವರ ಮನೆಗೆ ಓಗೋದಂತೆ. ಊರಿಗೆಲ್ಲಾ ಗೊತ್ತದೆ. ನಮಗೊಬ್ರಿಗೆ ಗೊತ್ತಿಲ್ಲ."

ಹಿಂದಿನಿಂದ ಭಾವನ ದನಿ ಕೇಳಿಸಿತು. "ಎದ್ದೇಳವ್ವ, ನಮ್ಮನೇಗ್ ನಡಿ." ನಮ್ಮನೆಯವರು ಫೋನು ಹಿಡಿದುಕೊಂಡೇ ತಿರುಗಿ, "ನಮ್ಮನೆಗೆ ಕರ್ಕೊಂಡೋಯ್ತೀನಿ ಬುಡು" ಎಂದರು. ನಿನ್ನೆವರೆಗೂ ಈ ದಿನ ನಿಮ್ಮದು ನಿಮ್ಮದು ಅಂದುಕೊಂಡಿದ್ದವರು ಈಗ ನಮ್ಮದು ನಮ್ಮದು ಎಂದು ಜಗ್ಗಾಡುತ್ತಿದ್ದರು. ನಾಚಿಕೆಗೆ ಇರಬೇಕು, ಸುತ್ತ ಜನ ಸೇರಿದ್ದರಲ್ಲ.

"ಅತ್ತೆಗೆ ಫೋನು ಕೊಡ್ರೀ" ಎಂದೆ.

ಅತ್ತೆಗೆ ಫೋನೆಂದರೆ ಕೂಗಿ ಮಾತಾಡುವುದು. "ಯಾರವ್ವಾ? ನೀನಾ? ಅಲ್ಲಿ ಅನ್ನ ಸಿಕ್ತದಾ ನಿಂಗೆ? ಸೊರಗೋಗಿದ್ದೀಯಾ?"

ನನಗೆ ಅಳು ಒತ್ತರಿಸಿ ಬಂತು. "ಅತ್ತೆ, ಮನೆಗೆ ಹೋಗಿ ಅತ್ತೆ. ಯಾರ ಮನೆಗಾದ್ರೂ ಹೋಗಿ. ಹೊಳೇಲಿ ನೀರು ಬಂದದೆ, ನಂಗೆ ಭಯ ಆಗ್ತದೆ."

"ಭಯ ನಂಗೂ ಆಯ್ತದೆ ಕಣವ್ವ" ಎಂದರು ಅತ್ತೆ. ಕೂಗು ಇಳಿದಿತ್ತು. "ಪ್ರತಿ ತಿಂಗ್ಳೂ ಆಯ್ತದೆ. ಕತ್ಲು, ಒಳೆ ಸದ್ದು, ಕುಡ್ಕರ ಕಾಟ. ಆದ್ರೂ ಬತ್ತೀನಿ. ಅಲ್ಲೋದ್ರೆ ಆ ಮಗನ್ ಅನ್ನ, ಇಲ್ಲೋದ್ರೆ ಈ ಮಗನ್ ಅನ್ನ. ಇಲ್ಲಿ ನಂಗೆ ಯಾರೂ ಏನೂ ಕೇಳಕ್ಕಿಲ್ಲ. ಇಬ್ರುಗೂ ಯೋಳು. ಜಮೀನ್ ಪಾಲ್ ಮಾಡ್ಕಂಡ್ರಿ, ನನ್ನೂ ಪಾಲ್ ಮಾಡ್ಕಂಡ್ರಿ. ಇದೊಂದ್ ದಿನಾನ ಪಾಲ್ ಮಾಡ್ಬ್ಯಾಡಿ."

ಫೋನು ಕಿವಿಯಲ್ಲೇ ಇತ್ತು. ಮಕ್ಕಳಿಬ್ಬರೂ ಮತ್ತೆ ಅವ್ವನನ್ನು ಎಬ್ಬಿಸಲು ಹೋಗಲಿಲ್ಲ. ಕಿರ್ಸ್ಟನ್ ನನ್ನ ಮುಖ ನೋಡಿದಳು, "ಮುಟ್ಟಿದರಾ?" ಎಂದು ಶೈಲಜಾ ಮೇಡಂ ಮೂಲಕ ಕೇಳಿದಳು. ಸಿಕ್ಕಿದ್ದಾರೆ ಎಂದೆ. ಮುಟ್ಟಿದರು ಅನ್ನಲು ಬಾಯಿ ಬರಲಿಲ್ಲ.

ನಂಜನಗೂಡು, ಮುಂದಿನ ಅಮಾವಾಸ್ಯೆ

ಊರಿಗೆ ಬಂದು ಪುರಸಭೆಯಲ್ಲಿ ವರದಿ ಒಪ್ಪಿಸಿದೆ. ಮನೆಗಳು ಬೈಪಾಸಿನ ಪಕ್ಕ ಬೇಡ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ ಎಂದೆ. ಬೆಳಿಗ್ಗೆ ಸಂಜೆ ಮನೆಮನೆಗೆ ಹೋಗಿ ನೋಡಿಬರುವ ಆಳುಗಳು ಕಟ್ಟಡಕ್ಕಿಂತ ಮೊದಲೇ ಬೇಕು ಎಂದೆ. ಅಲ್ಲಿ ಜಾಗ ಎಲ್ಲಿದೆ ಮೇಡಂ ಎಂದು ಕೆಲವರು, ಆಳು ಎಲ್ಲಿ ಸಿಗುತ್ತಾರೆ ಎಂದು ಕೆಲವರು. ಚರ್ಚೆ ಇನ್ನೂ ನಡೆಯುತ್ತಿದೆ. ನಾನೂ ಬಿಟ್ಟಿಲ್ಲ.

ಅಣ್ಣತಮ್ಮಂದಿರು ಈಗ ಫೋನಿನಲ್ಲಿ ಮಾತಾಡುತ್ತಾರೆ, ಬೇಕಾದಷ್ಟು ಮಾತ್ರ. ಅಮಾವಾಸ್ಯೆಗೆ ಮೊದಲ ದಿನ ಅತ್ತೆಯನ್ನು ಜಯಮ್ಮಕ್ಕನ ಫೋನಿನಲ್ಲಿ ಕೇಳಿದೆ. ಆಗ ಅವರು ನಂಜನಗೂಡಿನ ಮನೆಯಲ್ಲಿದ್ದರು. "ಅತ್ತೆ, ನಾಳೆ ನಾನೂ ಬರ್ಲಾ ನಿಮ್ಮ ಜೊತೆಗೆ?"

"ಪುರಸಭೆಯಾಗಿ ಬತ್ತೀಯೋ, ಸೊಸೆಯಾಗಿ ಬತ್ತೀಯೋ?"

"ಸುಮ್ನೆ ಬರ್ತೀನಿ."

"ಅಂಗಾರೆ ಬಾ" ಎಂದರು.

ಹೊಳೆ ಇಳಿದಿತ್ತು. ಸಂಜೆ ಮಂಟಪದ ಹತ್ತಿರ ಹೋದೆ. ಅಜ್ಜಿಯರು ಒಬ್ಬೊಬ್ಬರಾಗಿ ಚೀಲ ಹಿಡಿದು ಬಂದು ಕಂಬಕ್ಕೆ ಒರಗಿ ಕೂತಿದ್ದರು. ಒಬ್ಬರು ಕಾಲು ನೀವಿಕೊಳ್ಳುತ್ತಿದ್ದರು, ಒಬ್ಬರು ಹುರಿಗಡಲೆ ಹಂಚುತ್ತಿದ್ದರು. ಇಬ್ಬರು ಎದುರು ಬದುರು ಕೂತು ತಮ್ಮ ಸೊಸೆಯಂದಿರನ್ನು ಮನಸಾರೆ ಬಯ್ಯುತ್ತಿದ್ದರು. ನನ್ನನ್ನು ಕಂಡು ಎಲ್ಲ ಗಪ್‌ಚಿಪ್. ಆಚೆ ಬದಿಯಲ್ಲಿ ಯಾರೋ ಕುಡಿದು ತೂರಾಡುತ್ತಾ ಹೋದರು. ಕತ್ತಲಾಗುತ್ತಿತ್ತು. ನನಗೆ ಭಯವಾಗುತ್ತಿತ್ತು, ಅದನ್ನು ಮುಚ್ಚಿಡಲೂ ಆಗಲಿಲ್ಲ. ನೀರಿನ ಸದ್ದು ಕೇಳಿದಾಗಲೆಲ್ಲ ಸೆರಗು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದೆ.

"ನನ್ ಕಿರೀ ಸೊಸೆ" ಎಂದರು ಅತ್ತೆ.

ಬದನವಾಳು ಕಡೆಯ ಅಜ್ಜಿ ನನ್ನ ಕೂದಲನ್ನು, ಮುಖವನ್ನು ನಿಧಾನವಾಗಿ ನೋಡಿದರು. ನಾನು ನಿಂತೇ ಇದ್ದೆ.

"ನಿಂಗೆಷ್ಟ್ ಜನವ್ವಾ ಗಂಡ್‌ಮಕ್ಳು?" ಎಂದು ಕೇಳಿದರು.

"ಇಬ್ಬರು" ಎಂದೆ.

ಅಜ್ಜಿ ತಲೆಯಾಡಿಸಿದರು. ತಮ್ಮ ಚೀಲವನ್ನು ಎತ್ತಿ ಆ ಕಡೆ ಇಟ್ಟು, ಕುಂಡಿಯಲ್ಲೇ ಒಂದಿಷ್ಟು ಸರಿದು, ಕಂಬದ ಪಕ್ಕ ಜಾಗ ಮಾಡಿದರು.

"ಮತ್ಯಾಕ್ ನಿಂತಿದ್ದೀಯೆ? ಬಾ, ಕೂತ್ಕೋ."